ಎಳೆಯ ಹೇಂಟೆಗಳನ್ನು ಅಂಗಳದಲ್ಲಿ ಮೇಯಲು ರೂಢಿಮಾಡಿಸುವ ಕ್ರಮ

(ಗ್ರಾಮದ ಹಿಡುವಳಿದಾರರ ಮತ್ತು ಮುಖಂಡರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಕೋಳಿಗಳಿಗಾಗಿ ಬೇಲಿ ಹಾಕಿಸಿ, ಬಲೆ ಕಟ್ಟಿಸಿ, ಹಿತ್ತಿಲಲ್ಲಿ ಒಂದು ಗುಂಟೆಯಷ್ಟು ನೆಲವನ್ನು ಬಿಟ್ಟುಕೊಟ್ಟ ಗೃಹಸ್ಥರು ಅನೇಕ ವೇಳೆ ಒಂದೇ ದೂರನ್ನು ಹೇಳುವುದುಂಟು. ಬಾಗಿಲನ್ನು ತೆರೆದರೂ ಎಳೆಯ ಹೇಂಟೆಗಳು ಹೊರಕ್ಕೆ ಬರುವುದಿಲ್ಲ. ಬಂದರೂ ಗೋಡೆಯ ಬಳಿಯಲ್ಲಿಯೇ ನಿಂತಿದ್ದು, ಸ್ವಲ್ಪ ಹೊತ್ತಿನಲ್ಲಿ ಒಳಕ್ಕೆ ಓಡುತ್ತವೆ. ಅಂಗಳದ ಆಚೆಯ ಅಂಚಿನಲ್ಲಿ ಹುಲ್ಲೂ ಹುಳುವೂ ಇದ್ದಂತೆಯೇ ಉಳಿಯುತ್ತವೆ. ಇದನ್ನು ಕಂಡು ಕೆಲವರು ಆ ತಳಿಯೇ ಸೋಮಾರಿಯೆಂದು ತೀರ್ಮಾನಿಸುತ್ತಾರೆ. ಮತ್ತೆ ಕೆಲವರು ಕೋಲು ಹಿಡಿದು ಅಟ್ಟುತ್ತಾರೆ. ಅಟ್ಟಿದಷ್ಟೂ ಹೇಂಟೆಗಳು ಹೊರಗಿನ ನೆಲಕ್ಕೆ ಮತ್ತಷ್ಟು ಹೆದರುತ್ತವೆ. ಅವುಗಳನ್ನು ಒಳಗೆ ತಡೆದಿಟ್ಟಿರುವುದು ಭಯವೊಂದೇ. ಆ ಭಯದ ಮೂಲವನ್ನು ತಿಳಿದು ಅದಕ್ಕೆ ತಕ್ಕ ಏರ್ಪಾಡನ್ನು ಮಾಡಿದಲ್ಲಿ, ಅಟ್ಟುವ ಶ್ರಮವಿಲ್ಲದೆಯೇ ಅವು ದಿನದ ಬಹುಭಾಗವನ್ನು ಹೊರಗೆ ಕಳೆಯುವುವು. ಈ ಉಪನ್ಯಾಸದ ವಿಷಯವು ಇಷ್ಟೇ.

1. ಹೇಂಟೆಗಳು ಒಳಗೇ ಉಳಿಯುವುದರಿಂದ ಆಗುವ ನಷ್ಟ

ಮೊದಲನೆಯದಾಗಿ, ಹೊರಗೆ ಮೇಯದ ಕೋಳಿಗೆ ಕಾಳನ್ನೆಲ್ಲ ಮನೆಯಿಂದಲೇ ಹಾಕಬೇಕಾಗುತ್ತದೆ. ಹುಲ್ಲಿನ ಕುಡಿ, ಹುಳು, ಗೆದ್ದಲು, ಉದುರಿದ ಬೀಜ ಇವುಗಳಿಂದ ಪುಕ್ಕಟೆಯಾಗಿ ದೊರೆಯಬೇಕಾದ ಮೇವು ವ್ಯರ್ಥವಾಗುತ್ತದೆ. ಎರಡನೆಯದಾಗಿ, ಕಿರಿದಾದ ಸ್ಥಳದಲ್ಲಿ ಒತ್ತಾಗಿ ನಿಂತ ಹೇಂಟೆಗಳಿಗೆ ಒಂದರ ಗರಿಯನ್ನೊಂದು ಕಿತ್ತು ತಿನ್ನುವ ದುರಭ್ಯಾಸವು ಅಂಟಿಕೊಳ್ಳುತ್ತದೆ. ರಕ್ತವು ಕಂಡಿತೆಂದರೆ ಗಾಯಗೊಂಡ ಹೇಂಟೆಯು ಉಳಿಯುವುದೇ ಕಷ್ಟ. ಅಂಗಳವನ್ನು ಚೆನ್ನಾಗಿ ಉಪಯೋಗಿಸುವ ಹಿಂಡುಗಳಲ್ಲಿ ಈ ಚಾಳಿಯು ಕಡಿಮೆಯಾಗಿರುವುದು ಕಂಡುಬಂದಿದೆ. ಮೂರನೆಯದಾಗಿ, ಬಾಗಿಲ ಮುಂದಿನ ನಾಲ್ಕು ಮಾರು ನೆಲವು ಮಾತ್ರ ತುಳಿತಕ್ಕೆ ಸಿಕ್ಕಿ, ಹಿಕ್ಕೆಯಿಂದ ಕೆಸರಾಗಿ, ಜಂತುಹುಳುವಿಗೂ ರಕ್ತಭೇದಿಗೂ ನೆಲೆಯಾಗುತ್ತದೆ. ಹೀಗೆ ಅಂಗಳಕ್ಕಾಗಿ ಮಾಡಿದ ವೆಚ್ಚವು ಲಾಭವನ್ನು ತರುವುದರ ಬದಲು ರೋಗವನ್ನು ತರುತ್ತದೆ.

2. ಭಯದ ಮೂಲ

ಸಾಕುಕೋಳಿಯ ಮೂಲವು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಮಲೆನಾಡಿನ ಕಾಡುಗಳಲ್ಲಿ ಕಾಣುವ ಬೂದು ಕಾಡುಕೋಳಿಯು ಅದರ ದಾಯಾದಿ. ಇವೆರಡೂ ಬಿದಿರು ಮೆಳೆ ಮತ್ತು ಪೊದೆಗಳ ಅಂಚಿನಲ್ಲಿ ಕೆದಕಿ ಬದುಕುವ ಪಕ್ಷಿಗಳು; ಮೇಲೆ ಮರೆಯಿಲ್ಲದ ಬಟ್ಟಬಯಲಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾವಿರಾರು ವರ್ಷ ಸಾಕಿದರೂ ಕೋಳಿಯಲ್ಲಿ ಈ ಸ್ವಭಾವವು ಹೋಗಿಲ್ಲ. ಆಕಾಶದಲ್ಲಿ ಗಿಡುಗನು ಕಂಡಾಗ ಹುಂಜವು ಕೂಗುವ ಎಚ್ಚರಿಕೆಯೇ ಬೇರೆ, ನೆಲದ ಮೇಲೆ ನಾಯಿ ಬಂದಾಗ ಕೂಗುವುದೇ ಬೇರೆ. ಮೊದಲನೆಯ ಕೂಗಿಗೆ ಹೇಂಟೆಗಳು ಮರೆಗೆ ಓಡಿ ಕುಕ್ಕರಿಸುತ್ತವೆ. ಎರಡನೆಯದಕ್ಕೆ ಕತ್ತನ್ನೆತ್ತಿ ನಿಂತು ನೋಡುತ್ತವೆ. ಓಡಿ ಸೇರುವುದಕ್ಕೆ ಮರೆಯೇ ಇಲ್ಲದ ಅಂಗಳವು ಎಷ್ಟು ವಿಶಾಲವಾಗಿದ್ದರೂ ಹೇಂಟೆಯ ಕಣ್ಣಿಗೆ ಅಪಾಯದ ಸ್ಥಳವೇ ಸರಿ.

ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದು ಇದಕ್ಕೆ ನಿದರ್ಶನವಾಗಿದೆ. ಮಾಂಸಕ್ಕಾಗಿ ಸಾಕಿ ಹೊರಗೆ ಬಿಡುತ್ತಿದ್ದ ಹಿಂಡುಗಳಲ್ಲಿಯೂ ಯಾವುದೇ ಒಂದು ವೇಳೆಯಲ್ಲಿ ಹೊರಗೆ ಕಂಡ ಕೋಳಿಗಳು ನೂರಕ್ಕೆ 15ಕ್ಕಿಂತ ಕಡಿಮೆಯಾಗಿದ್ದುವು. ಮರಗಳಿದ್ದ ಕಡೆಯಲ್ಲಿ ಹೊರಬರುವ ಕೋಳಿಗಳ ಸಂಖ್ಯೆಯು ಹೆಚ್ಚಾಗಿತ್ತು.

ಇದಲ್ಲದೆ ರೂಢಿಯ ಅಭಾವವೂ ಒಂದು ಕಾರಣ. ತಾಯಿಕೋಳಿಯ ಹಿಂದೆ ತಿರುಗಿದ ನಾಟಿ ಮರಿಯು ಹೊರಗಿನ ವಿದ್ಯೆಯನ್ನು ಮೊದಲ ವಾರದಿಂದಲೇ ಕಲಿಯುತ್ತದೆ. ಆದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಮಹಾವಿದ್ಯಾಲಯದಲ್ಲಿ ಅಭಿವೃದ್ಧಿಗೊಂಡ ಗಿರಿರಾಜ, ಸ್ವರ್ಣಧಾರ ಮೊದಲಾದ ತಳಿಗಳ ಮರಿಗಳು ಸಾಮಾನ್ಯವಾಗಿ ದೀಪದ ಶಾಖದಲ್ಲಿ, ನಾಲ್ಕು ಗೋಡೆಗಳ ನಡುವೆ ಬೆಳೆದು ರೈತನ ಮನೆಗೆ ಬರುತ್ತವೆ. ಅವುಗಳಿಗೆ ಆಕಾಶವೇ ಹೊಸತು. ಅವು ಹೆದರುವುದರಲ್ಲಿ ಆಶ್ಚರ್ಯವಿಲ್ಲ.

3. ಮರೆಯ ಏರ್ಪಾಡು

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕೋಳಿಮನೆಯ ಬಾಗಿಲಿಂದ ಅಂಗಳದ ಕೊನೆಯವರೆಗೆ, ಹೊಳೆ ದಾಟುವವನಿಗೆ ಕಲ್ಲುಗಳಿರುವಂತೆ, ಹೇಂಟೆಗೆ ಮರೆಯಿಂದ ಮರೆಗೆ ದಾರಿಯಿರಬೇಕು. ಮೊದಲ ಮರೆಯು ಬಾಗಿಲಿಗೆ ಕೂಡಿಕೊಂಡೇ ಇರತಕ್ಕದ್ದು. ಮುಂದಿನವುಗಳು ಒಂದಕ್ಕೊಂದು 10 ಅಥವಾ 12 ಅಡಿಗಿಂತ ದೂರವಿರದಿದ್ದರೆ ಒಳ್ಳೆಯದು.

ತತ್ಕಾಲಕ್ಕೆ ತೆಂಗಿನ ಗರಿಯ ಚಪ್ಪರವು ಸಾಕು. ನಾಲ್ಕು ಗೂಟಗಳನ್ನು ನೆಟ್ಟು, ಸುಮಾರು 3 ಅಡಿ ಎತ್ತರದಲ್ಲಿ, 4 ಅಡಿ ಅಗಲ 6 ಅಡಿ ಉದ್ದದ ಹೆಣೆದ ಗರಿಯನ್ನು ಕಟ್ಟಿದರೆ ಹತ್ತು ಹನ್ನೆರಡು ಹೇಂಟೆಗಳು ಅದರಡಿಯಲ್ಲಿ ನಿಲ್ಲಬಹುದು. ಮುರಿದ ಗಾಡಿಯ ಮೂಕಿ, ಹಳೆಯ ತಡಿಕೆ, ಕಡಿದ ಕೊಂಬೆಗಳ ರಾಶಿ, ಇವೂ ಈ ಕೆಲಸಕ್ಕೆ ಬರುತ್ತವೆ. ಶಾಶ್ವತವಾದ ಮರೆಗೆ ಗಿಡಗಳನ್ನೇ ನೆಡಬೇಕು. ಬಾಳೆಯು ಬೇಗನೆ ನೆರಳು ಕೊಡುತ್ತದೆ. ನುಗ್ಗೆಯ ಸೊಪ್ಪನ್ನೂ ಹಿಪ್ಪುನೇರಳೆಯ ಉದುರಿದ ಹಣ್ಣನ್ನೂ ಕೋಳಿಗಳು ಆಸೆಯಿಂದ ತಿನ್ನುತ್ತವೆ. ತೊಗರಿಯನ್ನು ಸಾಲಾಗಿ ಬಿತ್ತಿದರೆ ಒಂದೇ ಮಳೆಗಾಲದಲ್ಲಿ ಆಳೆತ್ತರ ಬೆಳೆದು ಮರೆಯನ್ನೂ ಗಾಳಿತಡೆಯನ್ನೂ ಒದಗಿಸುವುದಲ್ಲದೆ ಮನೆಗೆ ಬೇಳೆಯನ್ನೂ ಕೊಡುತ್ತದೆ. ಎಳೆಯ ಸಸಿಗಳ ಬುಡವನ್ನು ಕೋಳಿಗಳು ಕೆದಕಿ ಕೆಡಿಸುವುದುಂಟು. ಆದುದರಿಂದ ಬೇರೂರುವವರೆಗೆ ಬುಡದ ಸುತ್ತಲೂ ಕಲ್ಲು ಅಥವಾ ಮುಳ್ಳನ್ನು ಇಡಬೇಕು.

4. ಬಾಗಿಲು ಮತ್ತು ನೆಲದ ಅಳತೆ

ಹಿಂಡಿನಲ್ಲಿ ಜಗಳಗಂಟಿ ಹೇಂಟೆಯೊಂದು ಇದ್ದೇ ಇರುತ್ತದೆ. ಕಿರಿದಾದ ಒಂದೇ ಕಂಡಿಯಿದ್ದಲ್ಲಿ ಅದು ಅಡ್ಡ ನಿಂತು ಸಾಧುವಾದವುಗಳನ್ನು ತಡೆಯುತ್ತದೆ. ಯೂರೋಪಿನ ಒಕ್ಕೂಟದ ದೇಶಗಳು 1999ರಲ್ಲಿ ಮಾಡಿಕೊಂಡ ನಿಯಮದಂತೆ ಪ್ರತಿಯೊಂದು ಕಂಡಿಯೂ ಕನಿಷ್ಠ ಸುಮಾರು 14 ಅಂಗುಲ ಎತ್ತರ, 16 ಅಂಗುಲ ಅಗಲವಿರತಕ್ಕದ್ದು. ಹಳ್ಳಿಯ ಕೋಳಿಮನೆಗೂ ಈ ಅಳತೆಯು ಒಪ್ಪುತ್ತದೆ. 20 ಹೇಂಟೆಗಳಿಗೆ ಎರಡು ಕಂಡಿಗಳನ್ನು ಬೇರೆ ಬೇರೆ ಪಕ್ಕದಲ್ಲಿ ಇಡುವುದು ಮೇಲು. ಹೊಸ್ತಿಲು ಎತ್ತರವಾಗಿದ್ದರೆ ಇಳಿಜಾರಾದ ಹಲಗೆಯನ್ನು ಇಡಬೇಕು.

ಅದೇ ಒಕ್ಕೂಟದ ಮೊಟ್ಟೆ ಮಾರಾಟದ ನಿಯಮದಲ್ಲಿ ಹೇಂಟೆಯೊಂದಕ್ಕೆ ಸುಮಾರು 43 ಚದರ ಅಡಿ ಹೊರನೆಲವನ್ನು ಗೊತ್ತುಮಾಡಿದೆ. ಎಂದರೆ ಗುಂಟೆಗೆ 25 ಹೇಂಟೆಗಳು. ಇದಕ್ಕಿಂತ ಒತ್ತಾದರೆ ಹುಲ್ಲು ಉಳಿಯುವುದಿಲ್ಲ.

5. ರೂಢಿಮಾಡಿಸುವ ದಿನಗಳು

ಹೊಸದಾಗಿ ತಂದ ಹೇಂಟೆಗಳನ್ನು ಮೊದಲ ಒಂದು ವಾರ ಕೋಳಿಮನೆಯಲ್ಲಿಯೇ ಇಟ್ಟು, ಅದೇ ತಮ್ಮ ನೆಲೆಯೆಂಬುದನ್ನು ಅವುಗಳಿಗೆ ಮನದಟ್ಟುಮಾಡಬೇಕು. ಅನಂತರ, ಸಂಜೆಯ ಕಾಳನ್ನು ಹಾಕುವುದಕ್ಕೆ ಒಂದು ಗಂಟೆ ಮುಂಚಿತವಾಗಿ ಕಂಡಿಯನ್ನು ತೆರೆದು, ತೆರೆದವರು ದೂರ ಸರಿದು ನಿಲ್ಲಬೇಕು. ಯಾರೂ ಅಟ್ಟಬಾರದು, ಹಿಡಿದು ಹೊರಗೆ ಹಾಕಲೂ ಬಾರದು. ಹೊಟ್ಟೆಯು ಸ್ವಲ್ಪ ಹಸಿದಿರುವುದರಿಂದ ಧೈರ್ಯವುಳ್ಳ ಒಂದೆರಡು ಹೊರಬರುತ್ತವೆ; ಉಳಿದವು ಅವುಗಳನ್ನು ನೋಡಿ ಅನುಸರಿಸುತ್ತವೆ. ಕತ್ತಲಾಗುವ ಮುನ್ನ ಒಳಗೆ ಕಾಳು ಚೆಲ್ಲಿದರೆ ತಾವಾಗಿಯೇ ಹಿಂದಿರುಗುತ್ತವೆ. ದಿನದಿನಕ್ಕೆ ಅರ್ಧ ಗಂಟೆಯಂತೆ ಮುಂಚಿತವಾಗಿ ಬಿಡುತ್ತ ಬಂದರೆ ಕೆಲವು ವಾರಗಳಲ್ಲಿ ರೂಢಿಯು ನಿಲ್ಲುತ್ತದೆ. ಎಳೆಯ ಪ್ರಾಯದಲ್ಲಿಯೇ ಹೊರಗನ್ನು ಕಂಡ ಹೇಂಟೆಗಳು ಮುಂದೆಯೂ ಹೆಚ್ಚಾಗಿ ಹೊರಗೆ ಮೇಯುವುದರಿಂದ, ಮೊಟ್ಟೆಯಿಡುವ ಪ್ರಾಯ ಬರಲೆಂದು ಕಾಯುತ್ತ ಕೂರಬಾರದು.

ಒಂದು ಹಿಡಿ ರಾಗಿಯನ್ನೋ ಜೋಳದ ನುಚ್ಚನ್ನೋ ಮೊದಲ ದಿನ ಬಾಗಿಲ ಬಳಿ, ಮರುದಿನ ಮೊದಲ ಚಪ್ಪರದಡಿ, ಆಮೇಲೆ ಎರಡನೆಯದರಡಿ ಎರಚುತ್ತ ಹೋಗಬೇಕು. ನೀರಿನ ಬೋಗುಣಿಯೊಂದನ್ನು ದೂರದ ನೆರಳಿನಲ್ಲಿಯೂ ಇಡಬೇಕು. ಬೂದಿ ಬೆರೆಸಿದ ನಯವಾದ ಮಣ್ಣನ್ನು ತುಂಬಿದ, ಅರ್ಧ ಅಡಿ ಆಳದ ಗುಂಡಿಯೊಂದಿದ್ದರೆ ಹೇಂಟೆಗಳು ಅದರಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುತ್ತವೆ. ಆಫ್ರಿಕದ ಬುರ್ಕಿನ ಫಾಸೊ ಮತ್ತು ಟೋಗೊ ದೇಶಗಳ ರೈತರು ಮಡಕೆಗೆ ಒಣಹುಲ್ಲನ್ನೂ ಸಗಣಿಯನ್ನೂ ತುಂಬಿ, ಗೆದ್ದಲಿರುವ ನೆಲದ ಮೇಲೆ ಬೋರಲಿಟ್ಟು, ಅದರಲ್ಲಿ ಸೇರಿದ ಗೆದ್ದಲನ್ನು ಕೋಳಿಗಳಿಗೆ ಹಾಕುತ್ತಾರೆ. ಗೆದ್ದಲಿಗೆ ಕೊರತೆಯಿಲ್ಲದ ಮೈದಾನ ಸೀಮೆಯಲ್ಲಿಯೂ ಇದನ್ನು ಅನುಸರಿಸಬಹುದು.

ಬಿಸಿಲೇರಿದ ಮಧ್ಯಾಹ್ನದಲ್ಲಿ ಹೇಂಟೆಗಳು ಒಳಸೇರಿದರೆ ಚಿಂತೆಯಿಲ್ಲ. ಕೋಳಿಗೆ ಬೆವರುವ ಶಕ್ತಿಯಿಲ್ಲ. ಮುಖ್ಯವಾಗಿ ಬಾಯ್ತೆರೆದು ಏದುವುದರಿಂದ ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಬೆಳಿಗ್ಗೆ ಮತ್ತು ಸಂಜೆಯೇ ಅವುಗಳ ಮೇವಿನ ಕಾಲ.

6. ಎದುರಾಗುವ ತೊಡಕುಗಳು

ಹೊರಗೆ ರೂಢಿಯಾದ ಹೇಂಟೆಯು ಪೊದೆಯಲ್ಲಿ ಮೊಟ್ಟೆಯಿಡುತ್ತದೆಂಬ ಆಕ್ಷೇಪಣೆಯು ನಿಜವಾದುದೇ. ಮೊಟ್ಟೆಗಳು ಬಹುಮಟ್ಟಿಗೆ ಪೂರ್ವಾಹ್ನದಲ್ಲಿ ಬೀಳುತ್ತವೆ. ಆದುದರಿಂದ ಇಡಲು ಆರಂಭಿಸಿದ ಮೊದಲ ಮೂರು ನಾಲ್ಕು ವಾರ ಮಾತ್ರ ಹತ್ತು ಗಂಟೆಯ ತನಕ ಒಳಗಿಟ್ಟು, ಮಬ್ಬಾದ ಮೂಲೆಯಲ್ಲಿ ಹುಲ್ಲು ಹಾಸಿದ ಕುಕ್ಕೆಗಳನ್ನು ಇಡಬೇಕು. ಅಲ್ಲಿ ಇಡುವ ಅಭ್ಯಾಸವು ನೆಲೆಗೊಂಡ ಮೇಲೆ ಬೆಳಗಿನಿಂದಲೇ ಬಿಡಬಹುದು.

ಮರೆಯು ಗಿಡುಗನಿಗೆ ತಡೆಯಾದರೂ ಮುಂಗುಸಿಗೂ ಕಾಡುಬೆಕ್ಕಿಗೂ ಅನುಕೂಲವಾಗಬಹುದು. ಹಾಗಾಗದಂತೆ ಬೇಲಿಯ ಬುಡಕ್ಕೆ ಒತ್ತಿದ ಪೊದೆಗಳನ್ನು ತೆಗೆದು ಎರಡು ಮೂರು ಅಡಿ ಬಯಲುಮಾಡಿ, ಬಲೆಯ ಕೆಳ ಅಂಚನ್ನು ನೆಲದಲ್ಲಿ ಹೂಳಬೇಕು. ರಾತ್ರಿ ಕಂಡಿಗಳನ್ನು ತಪ್ಪದೆ ಮುಚ್ಚಬೇಕು.

ನೆರಳಿನ ತೇವದಲ್ಲಿ ಜಂತುಹುಳುವಿನ ತತ್ತಿಗಳು ಬಹುಕಾಲ ಬದುಕುತ್ತವೆ. ಅಂಗಳವನ್ನು ಎರಡು ಪಾಲು ಮಾಡಿ ಒಂದೊಂದನ್ನು ಸರದಿಯಂತೆ ಬಿಡುಗಾಲ ಹಾಕುವುದು, ಚಪ್ಪರಗಳನ್ನು ಆಗಾಗ ಸ್ಥಳ ಬದಲಿಸುವುದು, ಬಾಗಿಲ ಬಳಿ ಮರಳು ಅಥವಾ ಜಲ್ಲಿಯನ್ನು ಹರಡುವುದು, ಇವು ಸುಲಭವಾದ ಉಪಾಯಗಳು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲಿನಲ್ಲಿ ಗುರುತಿಸಲ್ಪಟ್ಟು, ಇಂಡಿಯಾದಲ್ಲಿ ರಾಣೀಖೇತ್ ರೋಗವೆಂದೂ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದೂ ಹೆಸರಾದ ಪಿಡುಗಿಗೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷಣೆ. ಪಶುವೈದ್ಯರ ಸಲಹೆಯಂತೆ ಮೊದಲ ವಾರದಲ್ಲಿಯೂ ಮತ್ತೆ ಎರಡು ತಿಂಗಳ ಸುಮಾರಿಗೂ ಲಸಿಕೆ ಹಾಕಿಸಿದ ಹೇಂಟೆಗಳನ್ನೇ ಹೊರಗೆ ಬಿಡುವುದು ಕ್ಷೇಮ.

7. ಮುಖಂಡರ ಮತ್ತು ಯಜಮಾನರ ಕರ್ತವ್ಯ

ಒಂದು ಮನೆಯವರು ಲಸಿಕೆ ಹಾಕಿಸಿ ಹತ್ತು ಮನೆಯವರು ಹಾಕಿಸದಿದ್ದರೆ ಪಿಡುಗು ಊರನ್ನು ಬಿಟ್ಟು ಹೋಗುವುದಿಲ್ಲ. ಊರಿನ ಕೋಳಿಗಳಿಗೆಲ್ಲ ಒಂದೇ ದಿನ ಲಸಿಕೆ ಹಾಕಿಸುವ ಏರ್ಪಾಡನ್ನು ಮುಖಂಡರೇ ಮಾಡಬೇಕು. ಬೀಡಾಡಿ ನಾಯಿಗಳ ವಿಷಯವೂ ಹೀಗೆಯೇ.

ಕೊನೆಯದಾಗಿ ಗಮನಿಸತಕ್ಕ ಅಂಶವೊಂದುಂಟು. ಹೆಚ್ಚಿನ ಮನೆಗಳಲ್ಲಿ ಕೋಳಿಯನ್ನು ಸಾಕುವವರು ಹೆಂಗಸರು. ಮೊಟ್ಟೆಯ ಹಣವು ಮಕ್ಕಳ ಪುಸ್ತಕಕ್ಕೋ, ಸಂತೆಯ ಉಪ್ಪು ಮೆಣಸಿಗೋ ಅವರ ಕೈಯಿಂದಲೇ ಸಲ್ಲುತ್ತದೆ. ಆದರೆ ನೆಲವೂ ಬಿದಿರೂ ಬೇಲಿಯೂ ಯಜಮಾನರ ಸ್ವಾಧೀನದಲ್ಲಿರುತ್ತವೆ. ಮೊಟ್ಟೆಯಿಡುವ ಮುನ್ನವೇ ಐದು ತಿಂಗಳ ಹೇಂಟೆಯೊಂದನ್ನು ಗಿಡುಗನು ಒಯ್ದರೆ ಐದು ತಿಂಗಳ ಕಾಳೂ ಆರೈಕೆಯೂ ಹೋದಂತೆ. ನಾಲ್ಕು ಗೂಟ, ಎರಡು ತೆಂಗಿನ ಗರಿ, ಒಂದು ಸಾಲು ತೊಗರಿ ಇವುಗಳನ್ನು ಕೊಡಲು ಯಜಮಾನರು ಹಿಂಜರಿಯಬಾರದು. ಈ ಮಾತುಗಳನ್ನು ಕೇಳಿದವರು ಮನೆಗೆ ಹೋಗಿ ಹೆಂಗಸರಿಗೆ ತಿಳಿಯಹೇಳಿ, ಮುಂದಿನ ಸಂತೆಯೊಳಗಾಗಿ ಒಂದಾದರೂ ಚಪ್ಪರವನ್ನು ಕಟ್ಟಿ, ಹೇಂಟೆಗಳು ಅದರವರೆಗೆ ಬರುತ್ತವೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬಹುದು. ಅವು ಬಂದು ನೆಲವನ್ನು ಕೆದಕುವುದನ್ನು ಕಂಡ ಮೇಲೆ ಎರಡನೆಯ ಚಪ್ಪರಕ್ಕೆ ಯಾರ ಪ್ರೇರಣೆಯೂ ಬೇಕಾಗುವುದಿಲ್ಲ.