ಅನುರಾಧಪುರದ ಅಜ್ಜಿಗೆ ಕೊಡಬೇಕಾದ ಫೋಟೋ

ಶ್ರೀಲಂಕಾದ ಎಪಿಸೋಡ್ ಬಂದ ಮೇಲೆ ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಒಂದೇ. "ನಾವೂ ಹೋಗ್ತಿದ್ದೀವಿ, ಫೋಟೋ ಚೆನ್ನಾಗಿ ಬರೋಕೆ ಯಾವ ಕ್ಯಾಮೆರಾ ತಗೋಬೇಕು?" ನಿಮ್ಮ ಕೈಯಲ್ಲಿ ಇರೋದೇ ಸಾಕು. ಉಳಿದ ದುಡ್ಡಲ್ಲಿ ಅಲ್ಲಿ ಇನ್ನೊಂದು ದಿನ ಜಾಸ್ತಿ ಇರಿ. ಕ್ಯಾಮೆರಾ ವಿಷಯ ಮುಗೀತು.

ನಾನು ಐದು ದಿನದಲ್ಲಿ 2,140 ಫೋಟೋ ತೆಗೆದೆ. ಬಿಕಾಂ ಓದಿದ ಅಭ್ಯಾಸ ನೋಡಿ, ವಾಪಸ್ ಬಂದು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ಇಟ್ಟುಕೊಳ್ಳೋ ಹಾಗಿದ್ದದ್ದು 31. ಆ 31ರಲ್ಲಿ 26 ಫೋಟೋ ಬೆಳಗ್ಗೆ ಎಂಟು ಗಂಟೆ ಒಳಗೆ ತೆಗೆದದ್ದು.

ಕಾರಣ ಇದೆ. ಯೂಟ್ಯೂಬ್‌ನಲ್ಲಿ ಯುರೋಪಿನವರ ವಿಡಿಯೋ ನೋಡಿದ್ರೆ ಸೂರ್ಯ ಹುಟ್ಟಿದ ಮೇಲೆ ಚಿನ್ನದ ಬೆಳಕು ತುಂಬಾ ಹೊತ್ತು ಇರತ್ತೆ ಅಂತಾರೆ. ಅವರ ಊರಲ್ಲಿ ಇರತ್ತೆ, ಅಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಏರ್ತಾನೆ. ಅನುರಾಧಪುರ ಇರೋದು ಸಮಭಾಜಕದಿಂದ ಬರೀ ಎಂಟು ಡಿಗ್ರಿ ಮೇಲೆ. ಅಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಮೇಲಕ್ಕೆ ಹೋಗ್ತಾನೆ. ನಾನು ಹೋಗಿದ್ದ ಫೆಬ್ರವರಿಯಲ್ಲಿ ಆರೂವರೆ ಹೊತ್ತಿಗೆ ಬೆಳಕು, ಎಂಟು ಗಂಟೆಗೆಲ್ಲ ಬಿಳಿ ಬಿಸಿಲು. ಮಧ್ಯಾಹ್ನ ತೆಗೆದ ಮುಖಗಳಲ್ಲಿ ಕಣ್ಣು ಇರೋ ಜಾಗದಲ್ಲಿ ಎರಡು ಕಪ್ಪು ಗುಳಿ, ಅಷ್ಟೇ. ಆ ಹೊತ್ತಲ್ಲಿ ಊಟ ಮಾಡಿ ಮಲಗಿ.

ಮೊದಲನೇ ದಿನ ಬೆಳಗ್ಗೆಯ ಬೆಳಕೂ ಕೈಗೆ ಸಿಗಲಿಲ್ಲ. ಎಸಿ ರೂಮಿಂದ ಕ್ಯಾಮೆರಾ ಹೊರಗೆ ತಂದ ತಕ್ಷಣ ಲೆನ್ಸ್ ಪೂರ್ತಿ ಮಂಜು. ಟೀ ಶರ್ಟ್‌ನಲ್ಲಿ ಒರೆಸಿದೆ, ಮತ್ತೆ ಮಂಜು. ಹೊರಗಿನ ಗಾಳಿಯಲ್ಲಿರೋ ತೇವ ತಣ್ಣಗಿನ ಗಾಜಿನ ಮೇಲೆ ಕೂರತ್ತೆ, ಗಾಜು ಬಿಸಿ ಆಗೋವರೆಗೂ ಹೋಗಲ್ಲ. ಹಾಗಾಗಿ ಕ್ಯಾಮೆರಾನ ಬ್ಯಾಗಿನೊಳಗೆ ಜಿಪ್ ಹಾಕಿಟ್ಟು, ಹೊರಡೋ ಅರ್ಧ ಗಂಟೆ ಮುಂಚೆ ಬ್ಯಾಗ್ ಸಮೇತ ವರಾಂಡಾದಲ್ಲಿ ಇಟ್ಟುಬಿಡಿ.

ಈಗ ರುವನ್ವೇಲಿಸಾಯ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ದುಟ್ಟಗಾಮಣಿ ರಾಜ ಕಟ್ಟಿಸಿದ ದೊಡ್ಡ ಸ್ತೂಪ, ಈಗ ಪೂರ್ತಿ ಬಿಳಿ ಬಣ್ಣ. ಸುತ್ತ ಗೋಡೆಯಲ್ಲಿ ಸಾಲು ಸಾಲು ಆನೆಗಳು. ಎಲ್ಲರ ಫೋಟೋದಲ್ಲೂ ಇದು ಕೊಳೆ ಹಿಡಿದ ಹಾಗೆ ಬೂದು ಬಣ್ಣಕ್ಕೆ ಬರತ್ತೆ. ಯಾಕಂದ್ರೆ ಕ್ಯಾಮೆರಾಗೆ ಬಿಳಿ ಅಂದ್ರೆ ಏನಂತ ಗೊತ್ತಿಲ್ಲ. ಎಲ್ಲವನ್ನೂ ಮಧ್ಯದ ಬೂದಿಗೆ ತರೋಕೆ ನೋಡತ್ತೆ. ಫೋನಲ್ಲಾದ್ರೆ ಸ್ತೂಪದ ಮೇಲೆ ಬೆರಳಿಟ್ಟು ಆ ಸೂರ್ಯನ ಗುರುತನ್ನ ಸ್ವಲ್ಪ ಮೇಲಕ್ಕೆ ಎಳೀರಿ. ಕ್ಯಾಮೆರಾದಲ್ಲಾದ್ರೆ ಎಕ್ಸ್‌ಪೋಷರ್ ಪ್ಲಸ್ ಒಂದರ ಹತ್ರ. ಭಿಕ್ಷುಗಳ ಕಾವಿಗೆ ಇದರ ಉಲ್ಟಾ, ಅರ್ಧ ಸ್ಟಾಪ್ ಇಳಿಸಿ. ಇಲ್ಲಾಂದ್ರೆ ಕಿತ್ತಳೆ ಬಣ್ಣ ಒಡೆದು, ಬಟ್ಟೆಯ ಮಡಿಕೆನೇ ಕಾಣಲ್ಲ.

ಚಪ್ಪಲಿ, ಟೋಪಿ ಎರಡೂ ಹೊರಗೆ ಬಿಡಬೇಕು. ಹತ್ತು ಗಂಟೆ ಮೇಲೆ ಆ ಕಲ್ಲು ಕಾವಲಿ ತರ. ಒಂದು ಜೊತೆ ಹಳೇ ಕಾಲುಚೀಲ ಬ್ಯಾಗಲ್ಲಿರಲಿ, ನನ್ನನ್ನ ಆಮೇಲೆ ನೆನೆಸ್ಕೋತೀರಾ.

ಇನ್ನೊಂದು ಮುಖ್ಯ ವಿಷಯ, ಬೆನ್ನು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸ್ಕೊಳ್ಳೋ ಹಾಗಿಲ್ಲ. ಸೆಲ್ಫಿ ಅಂದ್ರೇನು? ಬೆನ್ನು ಹಾಕೋದೇ. ಪೊಲೊನ್ನರುವದ ಗಲ್ ವಿಹಾರದಲ್ಲಿ ನಾನು ಇದನ್ನೇ ಮಾಡಿದೆ. ಒಂದೇ ಬಂಡೆಯಲ್ಲಿ ಕೆತ್ತಿರೋ ನಾಲ್ಕು ವಿಗ್ರಹ, ಅದರಲ್ಲಿ ಮಲಗಿರೋ ಬುದ್ಧನೇ ಸುಮಾರು 14 ಮೀಟರ್ ಉದ್ದ. ಓದಿಕೊಂಡು ಹೋಗಿದ್ದೆ, ಗೊತ್ತಿತ್ತು. ಆದ್ರೂ ಕೈ ತಾನಾಗಿ ಎತ್ತಿತು, ಫೋನು ತಿರುಗಿತು. ಕಾವಲುಗಾರರು ಬಂದು, ಬೈಯದೆ, ಫೋನ್ ಕಡೆ ಬೆರಳು ತೋರಿಸಿ ಅಳಿಸೋವರೆಗೂ ಪಕ್ಕದಲ್ಲೇ ನಿಂತಿದ್ರು. ಬೈದಿದ್ರೇ ವಾಸಿ ಅನ್ನಿಸ್ತು. ಇದೇನು ಬರೀ ಶಿಷ್ಟಾಚಾರ ಅಂದ್ಕೋಬೇಡಿ. 2012ರಲ್ಲಿ ಬುದ್ಧನ ವಿಗ್ರಹಕ್ಕೆ ಮುತ್ತು ಕೊಡೋ ಹಾಗೆ ಪೋಸ್ ಕೊಟ್ಟಿದ್ದ ಮೂವರು ಫ್ರೆಂಚ್ ಪ್ರವಾಸಿಗರಿಗೆ ಅಲ್ಲಿನ ಕೋರ್ಟು ಆರು ತಿಂಗಳ ಶಿಕ್ಷೆ ಕೊಟ್ಟು ಐದು ವರ್ಷ ಅಮಾನತಿನಲ್ಲಿ ಇಟ್ಟಿತ್ತು. ಅವರು ಸಿಕ್ಕಿಬಿದ್ದದ್ದು ಗಾಲೆಯ ಸ್ಟುಡಿಯೋದಲ್ಲಿ, ಫೋಟೋ ಪ್ರಿಂಟ್ ಹಾಕಿಸೋಕೆ ಕೊಟ್ಟಾಗ.

ಆಮೇಲೆ ನಾನು ಎದುರಿನ ಬಂಡೆ ಮೇಲೆ ಹೋಗಿ ಸುಮ್ಮನೆ ಕೂತೆ. ಅಲ್ಲಿಂದ ನೋಡಿದಾಗಲೇ ಗೊತ್ತಾಗಿದ್ದು, ಮಲಗಿರೋ ಬುದ್ಧನ ಎರಡು ಪಾದ ಸಮ ಇಲ್ಲ, ಮೇಲಿನದು ಒಂಚೂರು ಹಿಂದೆ ಸರಿದಿದೆ. ಅದು ನಿದ್ದೆಯಲ್ಲ, ಪರಿನಿರ್ವಾಣ ಅಂತ ತೋರಿಸೋ ಗುರುತು ಅಂತ ವಿವರಿಸ್ತಾರೆ. 31ರಲ್ಲಿ ಒಂದು ಆ ಪಾದಗಳದ್ದು. ಸೆಲ್ಫಿ ಉಳಿದಿದ್ರೆ ಅದನ್ನ ನೋಡ್ತಾನೇ ಇರಲಿಲ್ಲ.

ದಕ್ಷಿಣ ಕರಾವಳಿಯ ಕೊಗ್ಗಲ ಹತ್ರ ಕಂಬದ ಮೇಲೆ ಕೂತು ಮೀನು ಹಿಡಿಯೋರ ಫೋಟೋ ನೀವೆಲ್ಲ ನೋಡಿರ್ತೀರಿ. ಸ್ಟೀವ್ ಮೆಕ್‌ಕರಿ 1995ರಲ್ಲಿ ವೆಲಿಗಾಮದಲ್ಲಿ ತೆಗೆದದ್ದು ಜಗತ್ಪ್ರಸಿದ್ಧ. ಈಗ ಅಲ್ಲಿ ಕೂರೋರಲ್ಲಿ ಹೆಚ್ಚಿನವರು ನಮಗೋಸ್ಕರ ಕೂರ್ತಾರೆ, ದುಡ್ಡು ಕೇಳ್ತಾರೆ. ಇದು ಮೋಸ ಅಂತ ಕೆಲವರು ಬೈತಾರೆ, ನಾನು ಒಪ್ಪಲ್ಲ. ಬಿಸಿಲಲ್ಲಿ ಕಂಬ ಹತ್ತಿ ಕೂತಿದ್ದಾರೆ, ಅದು ಕೆಲಸ, ಕೂಲಿ ಕೊಡಿ. ಮೋಸ ಆಗೋದು ನಾವು ಕೆಳಗೆ "ದಿನದ ದುಡಿಮೆಯಲ್ಲಿ ಮೀನುಗಾರ" ಅಂತ ಬರೆದು ಹಾಕಿದಾಗ. ನಾನೂ ಹಾಗೇ ಬರೆದಿದ್ದೆ. ಎರಡು ದಿನ ಆದ್ಮೇಲೆ ತಿದ್ದಿದೆ, ಅಷ್ಟರಲ್ಲಿ ಎಲ್ಲರೂ ಲೈಕ್ ಕೊಟ್ಟು ಹೋಗಿದ್ರು.

ಇನ್ನು ಅಜ್ಜಿಯ ವಿಷಯ.

ಅಲ್ಲಿ ಪ್ರತಿ ಹುಣ್ಣಿಮೆಗೆ ಸರ್ಕಾರಿ ರಜೆ, ಪೋಯ ಅಂತಾರೆ. ಅವತ್ತು ಅನುರಾಧಪುರದ ಮಹಾಬೋಧಿ ಹತ್ರ ಊರಿಗೆ ಊರೇ ಬಿಳಿ ಬಟ್ಟೆ. ಅಶೋಕನ ಮಗಳು ಸಂಘಮಿತ್ರೆ ಗಯೆಯಿಂದ ತಂದ ಬೋಧಿಯ ಕೊಂಬೆ ಬೆಳೆದು ಈ ಮರ ಆಯ್ತು ಅಂತ ನಂಬಿಕೆ. ಅಶೋಕ ಅಂದ್ರೆ ನಮಗೆ ಮಸ್ಕಿ ಶಾಸನ ನೆನಪಾಗತ್ತೆ, ಅವರಿಗೆ ಈ ಮರ. ಒಬ್ಬರು ಅಜ್ಜಿ ನೆಲದ ಮೇಲೆ ಕೂತು ತಾವರೆ ಮೊಗ್ಗಿನ ಎಸಳನ್ನ ಒಂದೊಂದೇ ಒಳಕ್ಕೆ ಮಡಿಸ್ತಾ ಇದ್ರು. ನಮ್ಮಜ್ಜಿ ವೀಳ್ಯದೆಲೆ ಮಡಿಸ್ತಿದ್ದ ಹಾಗೇ. ನಾನು ಇಪ್ಪತ್ತು ಅಡಿ ದೂರದಿಂದ ಝೂಮ್ ಹಾಕಿ, ಕೇಳದೆ, ಹನ್ನೊಂದು ಫೋಟೋ ತೆಗೆದೆ.

ಭುಜ ತಟ್ಟಿದ್ದು ಅವರ ಮೊಮ್ಮಗಳು. ಕಾಲೇಜ್ ಹುಡುಗಿ, ಇಂಗ್ಲಿಷ್ ಚೆನ್ನಾಗಿತ್ತು. ಅಳಿಸು ಅಂತಾಳೆ ಅಂದ್ಕೊಂಡೆ. ಅವಳು ತೋರಿಸಿ ಅಂದ್ಳು. ನೋಡಿದ್ಳು. "ನಮ್ಮ ಹತ್ರ ಆಚ್ಚಿಯ ಇಂಥ ಫೋಟೋ ಒಂದೂ ಇಲ್ಲ, ಕಳಿಸ್ತೀರಾ?" ಸಿಂಹಳದಲ್ಲಿ ಅಜ್ಜಿಗೆ ಆಚ್ಚಿ. ಅವಳ ಫೋನ್ ಚಾರ್ಜ್ ಮುಗಿದಿತ್ತು. ನನ್ನ ಫೋನ್ ಲಾಡ್ಜ್‌ನಲ್ಲಿತ್ತು. ಹೂವಿನ ಅಂಗಡಿಯವರ ಹತ್ರ ಪೆನ್ ಇಸ್ಕೊಂಡು ಒಂದು ಚೀಟಿಯಲ್ಲಿ ಈಮೇಲ್ ಬರೆದುಕೊಟ್ಳು. ಅಜ್ಜಿ ನನ್ನ ಕೈಗೆ ಒಂದು ಮಡಿಸಿದ ತಾವರೆ ಕೊಟ್ಟು, ಹೋಗಿ ಇಟ್ಟು ಬಾ ಅನ್ನೋ ಹಾಗೆ ಕೈ ಮಾಡಿದ್ರು. ಇಟ್ಟು ಬಂದೆ. ಆಮೇಲೆ ಪಕ್ಕದಲ್ಲಿ ಕೂತು, ಈ ಸಲ ಕೇಳಿ, ಇನ್ನೊಂದು ತೆಗೆದೆ. ಝೂಮ್ ಹಾಕಿದ ಹನ್ನೊಂದರಲ್ಲಿ ಅವರು ಯಾರೋ ಒಬ್ಬ ಮುದುಕಿ. ಇದರಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಇವನಿಗೆ ಫೋಟೋ ಬೇರೆ ಕೇಡು ಅನ್ನೋ ಹಾಗೆ ನನ್ನನ್ನೇ ನೋಡ್ತಿದ್ದಾರೆ.

ಚೀಟಿ ಶರ್ಟ್ ಜೇಬಲ್ಲಿತ್ತು. ಕ್ಯಾಂಡಿಯಲ್ಲಿ ಆ ಶರ್ಟನ್ನ ಒಗೆಯೋಕೆ ಕೊಟ್ಟೆ. ವಾಪಸ್ ಬಂದಾಗ ಜೇಬಲ್ಲಿ ಬಿಳಿ ಉಂಡೆ. ಬಿಡಿಸಿ ನೋಡಿದೆ, ಕೊನೇ ಮೂರು ಅಕ್ಷರ "ಕಾಮ್" ಅಂತ ಇತ್ತು. ಅದಕ್ಕಿಂತ ಮುಂಚಿನದು ಏನೂ ಉಳಿದಿರಲಿಲ್ಲ. ಅವಳ ಹೆಸರು ಕೂಡ ನಾನು ಕೇಳಿರಲಿಲ್ಲ.

ಈಗ ನಾನು ಎಲ್ಲಿ ಹೋದ್ರೂ ಫೋನ್ ಇಟ್ಕೊಂಡಿರ್ತೀನಿ, ಫೋಟೋ ಅಲ್ಲೇ ನಿಂತು ಅವರಿಗೆ ಕಳಿಸಿ ಆಮೇಲೆ ಹೊರಡ್ತೀನಿ. "ಫೋಟೋ ಎಕಕ್ ಗನ್ನ ಪುಳುವನ್‌ದ?" ಅಂದ್ರೆ ಸಿಂಹಳದಲ್ಲಿ ಒಂದು ಫೋಟೋ ತೆಗೀಬಹುದಾ ಅಂತ. ಬರ್ಕೊಳ್ಳಿ. ಅಜ್ಜಿಯ ಫೋಟೋ ಎಂಟಕ್ಕೆ ಹತ್ತು ಸೈಜಲ್ಲಿ ಪ್ರಿಂಟ್ ಹಾಕಿಸಿದ್ದೀನಿ. ಬೆಂಗಳೂರಿಂದ ಕೊಲಂಬೋಗೆ ಫ್ಲೈಟು ಒಂದೂವರೆ ಗಂಟೆ, ಬರೋ ಫೆಬ್ರವರಿ ಹುಣ್ಣಿಮೆಗೆ ಟಿಕೆಟ್ ನೋಡ್ತಿದ್ದೀನಿ. ಆ ಹೂವಿನ ಅಂಗಡಿಯವರಿಗೆ ಅವರ ಗುರುತು ಇರಬಹುದು.