ದೊಡ್ಡಬಳ್ಳಾಪುರದಿಂದ ತಮುವಿನವರೆಗೆ: ಒಂದು ಬೈಕ್ ಪ್ರಯಾಣದ ಮೊದಲ ದಿನಗಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಆಡಿದ ಮಾತುಗಳು)



ಬೈಕಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿಬಂದ ಕಥೆ ಹೇಳಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ಪೂರ್ತಿ ಹೇಳಲು ಹೊರಟರೆ ಅಡುಗೆಯವರು ಬೈಯುತ್ತಾರೆ. ಹಾಗಾಗಿ ಮೊದಲ ಕೆಲವು ದಿನಗಳ ಮಾತಷ್ಟೇ ಹೇಳುತ್ತೇನೆ. ಮೊದಲಿಗೆ ಒಂದು ವಿಷಯ. ಇಂಥ ಪ್ರಯಾಣ ಮಾಡಿದವನು ನಾನೇ ಮೊದಲಿಗನಲ್ಲ. ಹುಬ್ಬಳ್ಳಿಯ ಹೆಣ್ಣುಮಗಳು ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ಒಬ್ಬರೇ ಬೈಕಿನಲ್ಲಿ ಹೊರಟರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಸೆ ಹಳೆಯದು. ಎಂಟನೇ ತರಗತಿಯ ಗೋಡೆಯ ಮೇಲೆ ಏಷ್ಯಾದ ನಕಾಶೆ ಇತ್ತು, ನನ್ನ ಓರಗೆಯವರಿಗೆ ನೆನಪಿರಬಹುದು. ಬರ್ಮಾದ ಜಾಗದಲ್ಲಿ ಹರಿದು ಗೋಡೆಯ ಸುಣ್ಣ ಕಾಣುತ್ತಿತ್ತು. 'ಅಲ್ಲೇನಿದೆ ಸಾರ್?' ಅಂದಿದ್ದಕ್ಕೆ ನಮ್ಮ ಸಮಾಜದ ಮೇಷ್ಟ್ರು 'ಹೋಗಿ ನೋಡ್ಕೊಂಡು ಬಂದು ನಂಗೂ ಹೇಳಪ್ಪ' ಅಂದಿದ್ದರು.

ಬಿ.ಇ. ಮುಗಿಸಿ, ಕೆಲಸಕ್ಕೆ ಸೇರಿ, ಎಂಟು ವರ್ಷ ದುಡಿದ ಮೇಲೆ ಸಂಬಳವಿಲ್ಲದ ಆರು ತಿಂಗಳ ರಜೆ ಸಿಕ್ಕಿತು. ರಜೆ ಸಿಕ್ಕಿದ್ದು ಸುಲಭ, ಕಾಗದ ಪತ್ರಗಳದ್ದೇ ಕಷ್ಟ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು, ಅದು ಒಂದು ವರ್ಷಕ್ಕೆ ಮಾತ್ರ. ಮ್ಯಾನ್ಮಾರ್‌ನಲ್ಲಿ ಹೊರದೇಶದ ಗಾಡಿ ಓಡಿಸಲು ಸರ್ಕಾರದ ಅನುಮತಿ, ಜೊತೆಗೊಬ್ಬ ಗೈಡ್. ಇವೆಲ್ಲದರ ಮೇಲೆ ಕಾರ್ನೆ ಎಂಬ ಪುಸ್ತಕ. ಮನುಷ್ಯರಿಗೆ ಪಾಸ್‌ಪೋರ್ಟ್ ಇದ್ದ ಹಾಗೆ ಗಾಡಿಗೆ ಅದು. ಒಂದೊಂದು ಹಾಳೆಯಲ್ಲೂ ಮೂರು ಭಾಗ. ದೇಶದೊಳಗೆ ಹೋಗುವಾಗ ಸುಂಕದವರು ಒಂದು ಭಾಗ ಹರಿದುಕೊಳ್ಳುತ್ತಾರೆ, ಹೊರಡುವಾಗ ಇನ್ನೊಂದು. ಎರಡೂ ಕಡೆಯ ಮುದ್ರೆ ಬಿದ್ದ ಮೂರನೆಯದು ನಮ್ಮಲ್ಲಿ ಉಳಿಯುತ್ತದೆ. ಹೊರಟ ಮುದ್ರೆ ಬೀಳದಿದ್ದರೆ ಗಾಡಿಯನ್ನು ಅಲ್ಲೇ ಮಾರಿ ಬಂದೆವೆಂದು ಲೆಕ್ಕ, ಸುಂಕ ಕಟ್ಟಬೇಕು. ಆಸ್ಟ್ರೇಲಿಯಾಕ್ಕೆ ಈ ಪುಸ್ತಕವಿಲ್ಲದೆ ಆಗುವುದಿಲ್ಲ. ಪುಸ್ತಕ ಬೇಕಾದರೆ ಗಾಡಿಯ ಬೆಲೆಗೆ ತಕ್ಕ ಬ್ಯಾಂಕ್ ಗ್ಯಾರಂಟಿ ಕೊಡಬೇಕು.

ಆ ಗ್ಯಾರಂಟಿಗೆ ನಾನು ಇಟ್ಟಿದ್ದು ಮಗ್ಗದ ದುಡ್ಡು. ನಮ್ಮ ಮನೆಯದು ನಾಲ್ಕು ಪವರ್‌ಲೂಮ್. ಸೂರತ್ ಸೀರೆಗಳು ಬಂದ ಮೇಲೆ ನಮ್ಮ ಕಡೆಯ ಮಗ್ಗಗಳ ಕಥೆ ನಿಮಗೆ ಗೊತ್ತೇ ಇದೆ. ಹಳೆಯ ಎರಡನ್ನು ತೆಗೆದು ಹೊಸದು ಹಾಕಿಸೋಣ ಎಂದು ನಾನೇ ಕೂಡಿಟ್ಟ ಹಣ ಅದು. ಒಂದು ವರ್ಷ ಅದನ್ನು ಮುಟ್ಟುವಂತಿಲ್ಲ ಎಂದು ಅಪ್ಪನಿಗೆ ನಾನು ಹೇಳಲಿಲ್ಲ. ಬೇರೆಯವರಿಂದ ತಿಳಿಯಿತು. ಅಪ್ಪ ಬೈಯಲಿಲ್ಲ. ಒಂದು ತಿಂಗಳು ಮಾತೇ ಬಿಟ್ಟರು.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ರಥೋತ್ಸವ ಎಲ್ಲ ಮುಗಿದ ಮೇಲೆ, 2019ರ ಜನವರಿ ಕೊನೆಯಲ್ಲಿ ಹೊರಟೆ. ಬೆಳಗಿನ ಜಾವ ಮೂಟೆ ಕಟ್ಟುತ್ತಿದ್ದಾಗ ಹಗ್ಗ ಒಂದು ಮೊಳ ಸಾಲದೆ ಬಂತು. ಅಪ್ಪ ಶೆಡ್ಡಿನಿಂದ ಹೊರಗೆ ಬಂದರು. ಇನ್ನೊಂದು ಹಗ್ಗದ ತುಂಡು ತಂದು, ಹಾಸಿನ ಎಳೆ ಕಡಿದಾಗ ಹಾಕುತ್ತಾರಲ್ಲ, ಆ ಗಂಟು ಹಾಕಿ ಎರಡನ್ನೂ ಸೇರಿಸಿ, ಎಳೆದು ನೋಡಿ, ಒಳಗೆ ಹೋದರು. ಮಾತಿಲ್ಲ. ಅಮ್ಮ ಕುಂಕುಮ ಹಚ್ಚಿದಳು. ಗಾಡಿ ಎರಡು ವರ್ಷ ಹಳೆಯ ಹಿಮಾಲಯನ್, 411 ಸಿಸಿ. ಹಿಂದೆ ಐಎನ್‌ಡಿ ಎಂಬ ದುಂಡನೆಯ ಸ್ಟಿಕ್ಕರ್. ಘಾಟಿಯಲ್ಲಿ ಪೂಜೆ ಮಾಡಿಸಿಕೊಂಡು, ಮಾಕಳಿದುರ್ಗ ದಾಟಿ, ಗೌರಿಬಿದನೂರು, ಹಿಂದೂಪುರದ ದಾರಿ ಹಿಡಿದೆ. ಹೆಲ್ಮೆಟ್ಟಿನೊಳಗೆ ಅಳುವುದಕ್ಕೆ ಒಂದು ಅನುಕೂಲವಿದೆ, ಯಾರಿಗೂ ಕಾಣುವುದಿಲ್ಲ.

ಮೊದಲ ದಿನವೇ ಹೈದರಾಬಾದ್ ಮುಟ್ಟುತ್ತೇನೆಂದು ಲೆಕ್ಕ ಹಾಕಿದ್ದೆ. ಅನಂತಪುರದ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಅಂಗಡಿಯ ಹುಡುಗ ಮೂಟೆ ಇಳಿಸಿ ತೆಲುಗಿನಲ್ಲಿ ಕೇಳಿದ, 'ಅಣ್ಣಾ, ಮನೆ ಖಾಲಿ ಮಾಡ್ಕೊಂಡು ಹೊರಟಿದ್ದೀಯಾ?' ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕುಕ್ಕರು, ಐದು ಕೆಜಿ ರಾಗಿ ಹಿಟ್ಟು, ಎರಡು ಜೊತೆ ಬೂಟು, ಓದದ ಪುಸ್ತಕಗಳು! ಹನ್ನೊಂದು ಕೆಜಿ ಸಾಮಾನನ್ನು ಬೆಂಗಳೂರಿನ ಬಸ್ಸಿಗೆ ಹಾಕಿ ವಾಪಸು ಕಳಿಸಿದೆ. ಚಟ್ನಿಪುಡಿ ಕೊಡಲಿಲ್ಲ.

ಆ ರಾತ್ರಿ ಕರ್ನೂಲಿನ ಲಾಡ್ಜಿನಲ್ಲಿ ಬಿದ್ದುಕೊಂಡು ಯೋಚಿಸಿದೆ. ಈಗಲೇ ತಿರುಗಿದರೆ ನಾಳೆ ಮಧ್ಯಾಹ್ನದ ಊಟಕ್ಕೆ ಮನೆ. ಪುಸ್ತಕ ಹಿಂದಿರುಗಿಸಿದರೆ ಡೆಪಾಸಿಟ್ಟು ಬಿಡುಗಡೆ, ಯುಗಾದಿಗೆ ಹೊಸ ಮಗ್ಗ. ಅಮ್ಮನಿಗೆ ಫೋನು ಮಾಡಿದೆ. ಮಾತಾಡುತ್ತಿದ್ದ ಹಾಗೇ ಅವಳು ಫೋನನ್ನು ಇನ್ಯಾರಿಗೋ ಕೊಟ್ಟಳು. ಆ ಕಡೆ ಮಗ್ಗದ ಸದ್ದು. ಆಮೇಲೆ ಅಪ್ಪ ಕೇಳಿದರು, 'ಗಾಡಿ ಸದ್ದು ಹೆಂಗೈತೆ?'

ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. 'ಚೆನ್ನಾಗೈತೆ ಅಪ್ಪ' ಅಂದೆ. 'ಸರಿ, ಮಲಗು' ಅಂದು ಇಟ್ಟರು. ನೇಕಾರರ ಮನೆಯವರಿಗೆ ಇದು ಅರ್ಥವಾಗುತ್ತದೆ. ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದರೂ ಯಾವುದರಲ್ಲಿ ಏನು ಕೆಟ್ಟಿದೆಯೆಂದು ಅಪ್ಪ ಕೂತಲ್ಲೇ ಹೇಳುತ್ತಾರೆ.

ಮುಂದಿನ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ನಾಗಪುರ, ರಾಯಪುರ, ಸಂಬಲ್‌ಪುರ, ಕೋಲ್ಕತ್ತ, ಸಿಲಿಗುರಿ, ಗುವಾಹಟಿ. ನಾಗಾಲ್ಯಾಂಡಿಗೆ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡು ಕೊಹಿಮಾ, ಅಲ್ಲಿಂದ ಇಂಫಾಲ. ಗೈಡಿನ ಖರ್ಚು ಹಂಚಿಕೊಳ್ಳಲು ಇನ್ನಿಬ್ಬರು ಸವಾರರು ಅಲ್ಲಿ ಸೇರಿಕೊಂಡರು. ಪ್ಲಾಸ್ಟಿಕ್ ಹುಕ್ಕಿನ ರಬ್ಬರ್ ಪಟ್ಟಿಗಳು ದಾರಿಯಲ್ಲಿ ಒಂದೊಂದಾಗಿ ಕಿತ್ತುಹೋದವು. ಅಪ್ಪನ ಗಂಟು ಇತ್ತು.

ಇಂಫಾಲದಿಂದ ಸುಮಾರು 110 ಕಿಲೋಮೀಟರ್ ಬೆಟ್ಟದ ದಾರಿ ಹೋದರೆ ಮೋರೆ, ನಮ್ಮ ದೇಶದ ಕೊನೆಯ ಊರು. ಅಲ್ಲಿ ತಿಂಡಿಗೆ ಇಡ್ಲಿ ಸಾಂಬಾರು ಸಿಕ್ಕಿತು! 1960ರ ದಶಕದಲ್ಲಿ ಬರ್ಮಾ ಬಿಟ್ಟು ಬಂದ ತಮಿಳರು ಅಲ್ಲಿ ನೆಲೆಸಿದ್ದಾರೆ, ಅಂಗಾಳಪರಮೇಶ್ವರಿಯ ಗುಡಿ ಕಟ್ಟಿಕೊಂಡಿದ್ದಾರೆ. ಬೈಕಿನ ಕೆಎ 43 ನಂಬರು ನೋಡಿ ಹೋಟೆಲಿನ ಅಜ್ಜ ಇನ್ನೆರಡು ಇಡ್ಲಿ ಹಾಕಿ, ಅದಕ್ಕೆ ಕಾಸು ಬೇಡವೆಂದರು. ಭಾರತದ ಸುಂಕದ ಕಚೇರಿಯಲ್ಲಿ ಕಾರ್ನೆಗೆ ಮೊದಲ ಮುದ್ರೆ ಬಿತ್ತು. ಸೇತುವೆ ದಾಟಿದರೆ ತಮು. ಗಡಿಯಾರ ಒಂದು ಗಂಟೆ ಮುಂದೆ, ರಸ್ತೆಯಲ್ಲಿ ನಾವು ಬಲಕ್ಕೆ.

ಈ ಬಲಗಡೆಯದು ತಮಾಷೆಯಲ್ಲ. 1970ರವರೆಗೆ ಅಲ್ಲಿಯೂ ಎಡಕ್ಕೇ ಓಡಿಸುತ್ತಿದ್ದರು. ಈಗ ಬಲ. ಆದರೆ ಬಹಳ ಗಾಡಿಗಳ ಸ್ಟಿಯರಿಂಗ್ ಇನ್ನೂ ಬಲಗಡೆಯೇ. ಹಾಗಾಗಿ ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ ಚಾಲಕನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಟೀ ಕುಡಿದು ಹೊರಟವನು ಅಭ್ಯಾಸಬಲದಿಂದ ಎಡಕ್ಕೆ ಹೋದೆ. ಎದುರಿಗೆ ಮರದ ಲಾರಿ. ಅವನು ಬ್ರೇಕ್ ಹಾಕಿದ, ನಾನು ಮಣ್ಣಿಗೆ ಇಳಿದೆ. ಕನ್ನಡಿ ಮುರಿಯಿತು, ಮೊಣಕಾಲು ತರಚಿತು, ಅಷ್ಟೇ. ಕೈನಡುಕ ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಇದನ್ನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಕ್ಷಮಿಸಿ ಅಪ್ಪ.

ತಮುವಿನಿಂದ ಕಲೇವಾಕ್ಕೆ ಹೋಗುವ ದಾರಿ ನಮ್ಮ ಗಡಿ ರಸ್ತೆ ಸಂಸ್ಥೆಯವರು ಮಾಡಿದ್ದು, 2001ರಲ್ಲಿ ತೆರೆದದ್ದು. ರಸ್ತೆ ಪರವಾಗಿಲ್ಲ, ಸೇತುವೆಗಳು ಮಾತ್ರ ಎರಡನೇ ಮಹಾಯುದ್ಧದ ಕಾಲದವು. 150 ಕಿಲೋಮೀಟರಿನೊಳಗೆ 69 ಸೇತುವೆ. ಹಲಗೆಗಳು ಸಡಿಲ. ಗಾಡಿ ಹತ್ತಿದರೆ ಟಕಟಕ, ಟಕಟಕ, ಥೇಟು ನಮ್ಮ ಶೆಡ್ಡಿನ ಸದ್ದು. ಸಂಜೆ ನಿಧಾನಕ್ಕೆ ಒಂದು ಸೇತುವೆ ದಾಟುತ್ತಾ ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ರಾತ್ರಿ ನೆಟ್‌ವರ್ಕ್ ಸಿಕ್ಕಿದಾಗ ಅಪ್ಪನಿಗೆ ಕಳಿಸಿದೆ. ಮಗ್ಗದ ಹಾಗೇ ಕೇಳುತ್ತದೆ ಅಲ್ವಾ ಎಂದು ಬರೆದೆ.

ಬೆಳಿಗ್ಗೆ ಉತ್ತರ ಬಂದಿತ್ತು, ಅಪ್ಪನ ದನಿಯಲ್ಲೇ. 'ಅದೆಲ್ಲ ಸರಿ. ಚೈನ್ ಸಡ್ಲ ಆಗೈತೆ, ಬಿಗಿ ಮಾಡ್ಕೊ.'

ಹೋಗಿ ನೋಡಿದೆ. ಎರಡು ಬೆರಳಷ್ಟು ಸಡಿಲವಾಗಿತ್ತು.