ಊಟವನ್ನು ಬಲ್ಲವರಾಗೋಣ
(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಮಗೆಲ್ಲ ತಿಳಿದುದೇ ಆಗಿದೆ. ಆದರೆ ಊಟವನ್ನು ಬಲ್ಲವರಾಗುವುದು ಹೇಗೆ? ಹಿಂದೆ ಮನೆಯ ಹಿರಿಯರ ಅನುಭವವೊಂದೇ ಆಧಾರವಾಗಿತ್ತು. ಇಂದು ಅದರೊಡನೆ ಮೊಬೈಲೂ ನಮ್ಮ ಕೈಯಲ್ಲಿದೆ. ಅದರಲ್ಲಿ ಸತ್ಯವೂ ಬರುತ್ತದೆ, ಸುಳ್ಳೂ ಬರುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಉಚಿತ ಸಾಧನಗಳೂ ಅದರಲ್ಲಿಯೇ ಇವೆ.

ಒಂದು ಉದಾಹರಣೆಯನ್ನು ನೋಡೋಣ. ಪತ್ನಿ ಐದು ತಿಂಗಳ ಗರ್ಭಿಣಿ. ಆರೋಗ್ಯ ಕೇಂದ್ರದವರು ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟಿದ್ದಾರೆ. ಅಷ್ಟರಲ್ಲಿ ಪತಿಯ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ‘ರಾಗಿ ಉಣ್ಣುವವರಿಗೆ ಮಾತ್ರೆ ಬೇಡ.’ ಇದನ್ನು ನಂಬಬಹುದೇ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ, 2017ರಲ್ಲಿ ಅವುಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿತು. ಅದರಂತೆ 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 364 ಮಿಲಿಗ್ರಾಂ ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 7 ಮಿಲಿಗ್ರಾಂ ಮಾತ್ರ. ರಾಗಿಯ ಹಿರಿಮೆಗೆ ಇದೇ ಸಾಕ್ಷಿ. ಆದರೆ ಅದೇ ರಾಗಿಯಲ್ಲಿ ಕಬ್ಬಿಣಾಂಶವು ಸುಮಾರು 4.6 ಮಿಲಿಗ್ರಾಂ. ಗರ್ಭಿಣಿಗೆ ಕೊಡುವ ಒಂದು ಮಾತ್ರೆಯಲ್ಲಿಯೋ 60 ಮಿಲಿಗ್ರಾಂ ಇರುತ್ತದೆ. ರಾಗಿ ಉಣ್ಣಬೇಕು, ಮಾತ್ರೆಯನ್ನೂ ನುಂಗಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈ ಲೆಕ್ಕವು ಬೇಯಿಸದ ಧಾನ್ಯದ್ದು, ಮುದ್ದೆಯದಲ್ಲ ಎಂಬುದನ್ನೂ ನೆನಪಿಡಿರಿ. ಧಾನ್ಯದಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ರಾಗಿಯನ್ನು ಮೊಳಕೆ ಕಟ್ಟುವುದರಿಂದಲೂ, ಊಟದೊಡನೆ ನಿಂಬೆ, ನೆಲ್ಲಿ ಬಳಸುವುದರಿಂದಲೂ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿದರೆ ಅದು ಕುಗ್ಗುತ್ತದೆ.

ಇದೇ ಸಂಸ್ಥೆಯು 2024ರಲ್ಲಿ ಭಾರತೀಯರ ಆಹಾರಕ್ರಮಕ್ಕಾಗಿ 17 ಸೂತ್ರಗಳ ಮಾರ್ಗದರ್ಶಿಯನ್ನು ಹೊರತಂದಿದೆ. ಅದನ್ನು ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಇನ್ನೂ ಆಳವಾಗಿ ತಿಳಿಯಬೇಕೆನ್ನುವವರಿಗೆ ಪಬ್‌ಮೆಡ್ ಎಂಬ ಭಂಡಾರವಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1997ರಿಂದ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಅದರಲ್ಲಿ ಕೋಟಿಗಟ್ಟಲೆ ಸಂಶೋಧನಾ ಲೇಖನಗಳ ವಿವರಗಳೂ, ಬಹುಪಾಲು ಲೇಖನಗಳ ಸಾರಾಂಶಗಳೂ ಇವೆ. ಅವು ಇಂಗ್ಲಿಷಿನಲ್ಲಿರುವುದರಿಂದ, ಕಾಲೇಜಿಗೆ ಹೋಗುವ ಮಕ್ಕಳ ನೆರವನ್ನು ಪಡೆಯಿರಿ. ಆದರೆ ಎಚ್ಚರ! ಇಲಿಗಳ ಮೇಲೆ ನಡೆದ ಒಂದು ಪ್ರಯೋಗವು ಮನುಷ್ಯರಿಗೆ ಅನ್ವಯಿಸಲೇಬೇಕೆಂದಿಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ವರದಿಗಳೇ ಹೆಚ್ಚು ಭರವಸೆಗೆ ಅರ್ಹ. ಕಾಕ್ರೇನ್ ಎಂಬ ಸಂಸ್ಥೆ ಅಂತಹ ವರದಿಗಳ ತಾತ್ಪರ್ಯವನ್ನು ಸರಳ ಭಾಷೆಯಲ್ಲಿ ಉಚಿತವಾಗಿ ಕೊಡುತ್ತದೆ. ಗರ್ಭಿಣಿಯರು ದಿನವೂ ಕಬ್ಬಿಣಾಂಶದ ಮಾತ್ರೆ ಸೇವಿಸಿದರೆ ಹೆರಿಗೆಯ ಹೊತ್ತಿಗೆ ರಕ್ತಹೀನತೆ ಕಡಿಮೆಯಾಗುತ್ತದೆಂದು ಅಲ್ಲಿಯೂ ಹೇಳಿದೆ.

ಯಾವ ಸಂದೇಶ ಬಂದರೂ ಮೂರು ಪ್ರಶ್ನೆಗಳನ್ನು ಕೇಳಿರಿ. ಹೇಳಿದವರು ಯಾರು? ಆಧಾರವೇನು? ಹೇಳಿ ಏನನ್ನಾದರೂ ಮಾರುತ್ತಿದ್ದಾರೆಯೇ? ಉತ್ತರ ದೊರೆಯದಿದ್ದರೆ ಅದನ್ನು ಮತ್ತೊಬ್ಬರಿಗೆ ಕಳುಹಿಸಬೇಡಿರಿ. ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಅದನ್ನು ತಾವಾಗಿಯೇ ನಿಲ್ಲಿಸದೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕಾಣಿರಿ. ಮಲ ಕಪ್ಪಾದರೆ ಭಯಪಡಬೇಕಾಗಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ತೀವ್ರ ರಕ್ತಹೀನತೆಯುಳ್ಳ ತಾಯಿಗೆ ಹೆರಿಗೆಯ ರಕ್ತಸ್ರಾವ ಪ್ರಾಣಾಂತಿಕವಾಗಬಹುದು.

ಕೊನೆಯದಾಗಿ ಒಂದು ಮಾತು. ಯಾವ ಜಾಲತಾಣವೂ ತಿಳಿಸಲಾರದ ಸಂಗತಿಯೊಂದಿದೆ: ನಿಮ್ಮ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವವರು ಯಾರು? ಸಹೋದರರೇ, ಇಂದು ರಾತ್ರಿ ಪತ್ನಿಯೊಡನೆ ಕುಳಿತು ಉಣ್ಣಿರಿ. ಅವರ ತಟ್ಟೆಯನ್ನು ಗಮನಿಸಿರಿ. ಮಾತ್ರೆಯನ್ನು ನೀವೇ ನೆನಪು ಮಾಡಿರಿ. ತಿಳಿದುದನ್ನು ಆಚರಣೆಗೆ ತಂದಾಗಲೇ ನಾವು ಊಟ ಬಲ್ಲವರಾಗುತ್ತೇವೆ.